ಊಟದ ಡಬ್ಬಿಯೊಳಗಿನ ಸ್ವಿಚ್ಚು

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಮೂಗಿಗೆ ತಾಗಿದರೆ ಉಳಿದವರಿಗೆ ಕೆಮ್ಮು ಬರುತ್ತದೆ. ನನಗೆ ನಾಚಿಕೆಯಾಗುತ್ತದೆ. ಹೋದ ವರ್ಷ ಕೋಟದ ಅಣ್ಣನ ಮನೆಗೆ ಹೋದಾಗ ಹಾಗೆಯೇ ಆಯಿತು. ಅಣ್ಣ ಗೋಡೆಯಗಲದ ಹೊಸ ಟೀವಿ ತರಿಸಿದ್ದ. ಅದನ್ನು ಕೂರಿಸಲು ಬಂದ ಹುಡುಗ ಒಂದು ತುಂಡಾದ ಸ್ಪೀಕರ್ ವೈರಿಗೆ ಬೆಸುಗೆ ಹಾಕುತ್ತಿದ್ದ. ನಾನು ಚಪ್ಪಲಿ ಬಿಟ್ಟು ಒಳಗೆ ಕಾಲಿಡುವುದಕ್ಕೂ ಆ ಹೊಗೆ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಕಿವಿ ಬಿಸಿಯಾಯಿತು. ನಲವತ್ತು ಸಮೀಪಿಸಿದ, ಬ್ರಹ್ಮಾವರದಲ್ಲಿ ಗಂಡನ ಜೊತೆ ಜೆರಾಕ್ಸ್ ಅಂಗಡಿ ನಡೆಸುವ ಹೆಂಗಸು ನಾನು. ಆದರೂ ಆ ಕ್ಷಣ ಹಿಂದೊಂದು ಸೋಣೆ ತಿಂಗಳ ಮಧ್ಯಾಹ್ನದ ಹಾಗೆಯೇ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತೆ.

ಸುಮಾರು ಎರಡು ಸಾವಿರದ ಐದರ ಮಳೆಗಾಲ ಅದು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಕೋಟದ ಮನೆಯಲ್ಲಿ ಕೂತಿದ್ದೆ. ಅಪ್ಪಯ್ಯನದು ಹೆದ್ದಾರಿ ಬದಿಯಲ್ಲಿ ತೆಂಗಿನಕಾಯಿ ವ್ಯಾಪಾರ. ಅಣ್ಣ ಸುರೇಶ ಅದನ್ನೇ ನೋಡಿಕೊಳ್ಳುತ್ತಿದ್ದ. ಕಾಯಿಯನ್ನು ಬೆರಳಲ್ಲಿ ತಟ್ಟಿ ಒಳಗೆ ನೀರೆಷ್ಟಿದೆ ಎಂದು ಹೇಳುವ ಅಣ್ಣನಿಗೆ ಮನೆಯ ಫ್ಯೂಸ್ ಹೋದರೆ ಮಾತ್ರ ನಾನೇ ಬೇಕು. ಅಮ್ಮನಿಗೆ ನನ್ನ ಓದಿನ ಬಗ್ಗೆ ಹೆಮ್ಮೆಯಿತ್ತು, ಅದು ಸರ್ಟಿಫಿಕೇಟಿನೊಳಗೆ ಇರುವಷ್ಟು ಹೊತ್ತು. ಅದು ಕೈಗಿಳಿದು, ನಾನು ಚಾವಡಿಯ ನಡುವೆ ವೈರು ಹರಡಿಕೊಂಡು ಕೂತರೆ ಅವಳಿಗೆ ಬೀದಿಯಲ್ಲಿ ಹೋಗುವವರೆಲ್ಲ ನಮ್ಮ ಮನೆಯೊಳಗೇ ಇಣುಕುತ್ತಾರೆ ಎನಿಸುತ್ತಿತ್ತು.

ಎಲ್ಲ ಶುರುವಾದದ್ದು ಮಾವನಿಂದ. ಅಮ್ಮನ ತಮ್ಮ, ಹಡಗಿನಲ್ಲಿ ಅಡುಗೆ ಕೆಲಸದವರು. ಆ ಸಲ ರಜೆಯಲ್ಲಿ ಬಂದವರು ಐದು ಸ್ಪೀಕರಿನ ಒಂದು ಆಂಪ್ಲಿಫೈಯರನ್ನು ತಂದು ನಮ್ಮ ಚಾವಡಿಯಲ್ಲಿ ಬಿಟ್ಟು ಹೋದರು. ಸಿನಿಮಾದ ಡಿಸ್ಕ್ ಹಾಕಿದರೆ ಮಳೆ ಮುಂದಿನಿಂದ ಸುರಿದು ಗುಡುಗು ಬೆನ್ನ ಹಿಂದಿನಿಂದ ಬರುತ್ತಿತ್ತು. ಹೊರಗೆ ನಿಜವಾದ ಮಳೆಗುಡುಗು ಇದ್ದಾಗಲೂ ಅಕ್ಕಪಕ್ಕದವರು ಕೊಡೆ ಹಿಡಿದುಕೊಂಡು ಬಂದು ಇದನ್ನು ಕೇಳಿ ಹೋಗುತ್ತಿದ್ದರು. ಆದರೆ ಅದರಲ್ಲಿ ಒಂದು ಕೊರತೆ. ಐದೂ ಸ್ಪೀಕರು ಸರಿಯಾಗಿ ಮಾತಾಡಬೇಕಾದರೆ ಶಬ್ದವು ಡಿಜಿಟಲ್ ದಾರಿಯಲ್ಲಿ ಬರಬೇಕು. ಅದಕ್ಕೆ ಹಿಂದುಗಡೆ ಇದ್ದದ್ದು ಒಂದೇ ಒಂದು ತೂತು. ನಮ್ಮಲ್ಲಿದ್ದ ಯಂತ್ರಗಳು ಮೂರು. ಅಪ್ಪಯ್ಯ ತಾಳಮದ್ದಲೆ ಕೇಳುವ ಸಿ.ಡಿ. ಪ್ಲೇಯರು, ಅಣ್ಣನ ಸಿನಿಮಾದ ಡಿ.ವಿ.ಡಿ., ನನ್ನ ಕಂಪ್ಯೂಟರು. ಒಂದು ಮುಗಿದು ಇನ್ನೊಂದು ಕೇಳಬೇಕೆಂದರೆ ಆಂಪ್ಲಿಫೈಯರನ್ನು ಎಳೆದು, ಹಿಂದೆ ಬಗ್ಗಿ, ವೈರು ಕಿತ್ತು ಬೇರೆ ವೈರು ಚುಚ್ಚಬೇಕು. ದಿನಕ್ಕೆ ಎಷ್ಟೋ ಸಲ ಕಿತ್ತು ಚುಚ್ಚಿ ಆ ತೂತು ಸಡಿಲವಾಯಿತು. ತಾಳಮದ್ದಲೆಯ ಕರ್ಣನ ಮಾತು ಅರ್ಧಕ್ಕೇ ನಿಂತುಹೋದಾಗ ಅಪ್ಪಯ್ಯ ಹೇಳಿದರು, "ಹೆಣೆ, ಇಷ್ಟ್ ಓದ್ದವ್ಳ್ ಇದ್ಕೊಂದ್ ಉಪಾಯ ಮಾಡುಕಾತಿಲ್ಯಾ?"

ಮಾಡಬಹುದು ಎಂದೆ. ಮೂರು ಯಂತ್ರದ ವೈರು ಒಂದು ಡಬ್ಬಿಗೆ, ಡಬ್ಬಿಯಿಂದ ಒಂದು ವೈರು ಆಂಪ್ಲಿಫೈಯರಿಗೆ. ಮುಂದೆ ಮೂರು ಗುಂಡಿ. ಯಾವುದನ್ನು ಒತ್ತಿದರೆ ಅದರ ಶಬ್ದ. ಹೇಳುವುದಕ್ಕೆ ಇಷ್ಟೇ.

ಆಸಾಡಿ ತಿಂಗಳು ಬೇರೆ. ಮದುವೆ ಮುಂಜಿ ಇಲ್ಲ, ಹೆಣ್ಣು ಕಾಣಲು ಬರುವವರ ಕಾಟ ಇಲ್ಲ. ಹೊರಗೆ ಹಗಲೂ ಕತ್ತಲು. ಮೊದಲು ಹಳೆಯ ರೇಡಿಯೋದ ತಿರುಗಿಸುವ ಸ್ವಿಚ್ಚು ತೆಗೆದು ಕೈಗೆ ಸಿಕ್ಕಿದ ವೈರಿನಿಂದ ಜೋಡಿಸಿದೆ. ಒಂದೊಂದೇ ಯಂತ್ರ ಹಾಕಿದರೆ ಸರಿಯಿತ್ತು. ಆದರೆ ಸಿ.ಡಿ. ಓಡುವಾಗ ಕಂಪ್ಯೂಟರೂ ಚಾಲೂ ಇದ್ದರೆ ಶಬ್ದ ತುಂಡು ತುಂಡಾಗಿ ಕೊನೆಗೆ ಆಂಪ್ಲಿಫೈಯರು ಮೌನಗೌರಿಯಾಗುತ್ತಿತ್ತು. ಡಿಜಿಟಲ್ ಶಬ್ದದ ಸ್ವಭಾವವೇ ಹಾಗೆ. ಹಳೆಯ ಕ್ಯಾಸೆಟ್ಟಿನಂತೆ ಕರಕರ ಎಂದಾದರೂ ಹಾಡುತ್ತೇನೆ ಎನ್ನುವುದಿಲ್ಲ. ಪೂರ್ತಿ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ. ಪಕ್ಕದ ವೈರಿನ ಮಾತು ಈ ವೈರಿಗೆ ಸೋರುತ್ತಿದೆ ಎಂದು ತಿಳಿಯುವಷ್ಟರಲ್ಲಿ ಅಂಗಳದ ಹಸಿರು ಹಾವಸೆ ಮೆಟ್ಟಿಲಿಗೆ ಹತ್ತಿತ್ತು.

ಬಸ್ಸು ಹತ್ತಿ ಕುಂದಾಪುರಕ್ಕೆ ಹೋಗಿ ಒಂದು ರಿಪೇರಿ ಅಂಗಡಿಯಿಂದ ಸುಟ್ಟುಹೋದ ಸ್ಟೆಬಿಲೈಸರು ತಂದೆ. ಅದರೊಳಗಿನ ರಿಲೇಗಳು ಚೆನ್ನಾಗಿದ್ದವು. ರಿಲೇ ಎಂದರೆ ಕರೆಂಟು ಕೊಟ್ಟರೆ 'ಟಕ್' ಎಂದು ತಾನೇ ಕೂಡಿಕೊಳ್ಳುವ, ಕೊಡದಿದ್ದರೆ ಬಿಟ್ಟು ನಿಲ್ಲುವ ಸಣ್ಣ ಸ್ವಿಚ್ಚು. ಒಂದೊಂದು ಯಂತ್ರಕ್ಕೆ ಒಂದೊಂದು ರಿಲೇ, ಬೇಡವಾದವು ಪೂರ್ತಿ ದೂರ. ವೈರಿಗೆ ಕೇಬಲ್ ಟೀವಿಯವರು ಮಾಡಿನ ಹಂಚಿನ ಮೇಲೆ ಬಿಟ್ಟುಹೋದ ಕಪ್ಪು ವೈರೇ ಆಯಿತು. ಒಳಗಿನ ತಂತಿಯ ಸುತ್ತ ಬಲೆ ಇರುವ ಆ ವೈರು ಈ ಕೆಲಸಕ್ಕೆಂದೇ ಹುಟ್ಟಿದ್ದು ಎನ್ನುವಂತಿತ್ತು. ಇನ್ನು ಬೇಕಾದದ್ದು ಲೋಹದ ಒಂದು ಪೆಟ್ಟಿಗೆ. ಅಟ್ಟದಲ್ಲಿ ನನ್ನ ಶಾಲೆಯ ಊಟದ ಡಬ್ಬಿ ಸಿಕ್ಕಿತು. ಅಲ್ಯೂಮಿನಿಯಮ್ಮಿನದು, ಚೌಕದ್ದು.

ಅಮ್ಮ ಕಂಡವಳೇ ಕೂಗಿದಳು. "ಅನ್ನ ತಿಂದ ಡಬ್ಬಿಗೆ ವೈರ್ ತುಂಬ್ಸ್ತ್ಯಾ? ನಿಂಗೆ ಬುದ್ಧಿ ಇತ್ತಾ ಹೆಣೆ?"

"ಅನ್ನ ತಿಂದೇ ಅಲ್ದಾ ಬುದ್ಧಿ ಬಂದದ್" ಎಂದೆ. ಆಗ ನನ್ನ ಬಾಯಿ ಜೋರಿತ್ತು. ಬೇಕಾದಲ್ಲಿ ಮಾತ್ರ ಅದು ಬಿದ್ದುಹೋದದ್ದು.

ಅಲ್ಯೂಮಿನಿಯಮ್ಮಿಗೆ ಬೆಸುಗೆ ಹಿಡಿಯುವುದಿಲ್ಲ. ಸ್ಕ್ರೂ ಹಾಕಿ ಬಿಗಿದೆ. ಮುಂಭಾಗದಲ್ಲಿ ಮೂರು ಗುಂಡಿ, ಪ್ರತಿಯೊಂದರ ಮೇಲೆ ಒಂದು ಹಸಿರು ದೀಪ. ಕೊನೆಯ ದಿನ ಮೂರೂ ಯಂತ್ರಗಳನ್ನು ಒಟ್ಟಿಗೆ ಓಡಿಸಿ ಗುಂಡಿ ಒತ್ತಿದೆ. ಟಕ್, ಕರ್ಣ. ಟಕ್, ಸಿನಿಮಾದ ಮಳೆ. ಟಕ್, ಕಂಪ್ಯೂಟರಿನ ಹಾಡು. ನಡುವೆ ಒಂದು ಕರಕರವಿಲ್ಲ. ನಾನು ಎದ್ದು ನಿಂತು ಕುಣಿದೆ ಎಂದು ಅಣ್ಣ ಈಗಲೂ ಹೇಳುತ್ತಾನೆ. ಕುಣಿದಿರಬೇಕು. ಅಷ್ಟು ಖುಷಿ ನನಗೆ ಆಮೇಲೆ ನನ್ನ ಕೈಯಿಂದ ಎಂದೂ ಆಗಿಲ್ಲ. ಅಪ್ಪಯ್ಯ ಒಂದೊಂದು ಗುಂಡಿ ಒತ್ತಿ ಒತ್ತಿ ನೋಡಿ, "ಪದ ಹೇಳುವವ್ರನ್ನೆಲ್ಲ ಡಬ್ಬಿಯೊಳ್ಗೆ ಕೂರ್ಸಿದ್ಯಲ್ಲೆ" ಎಂದು ನಕ್ಕರು.

ಆಸಾಡಿ ಕಳೆದು, ಹೆಣ್ಣು ಕಾಣುವುದು ಮತ್ತೆ ಶುರುವಾಗುವ ಸೋಣೆ ತಿಂಗಳು ಬಂತು. ಗುಲ್ವಾಡಿಯ ದೊಡ್ಡಮ್ಮನೂ ಬಂದರು, ಬೈಂದೂರು ಕಡೆಯ ಒಂದು ಸಂಬಂಧ ಹಿಡಿದುಕೊಂಡು. ಹುಡುಗ ದಿವಾಕರ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ, ಮನೆಯಲ್ಲಿ ತಾಯಿ ಮಾತ್ರ. ಇದಕ್ಕೆ ಮೊದಲು ಎರಡು ಸಂಬಂಧ ತಪ್ಪಿದ್ದವು. ಎರಡನೆಯದು ತಪ್ಪಿದಾಗ ಆ ಕಡೆಯವರು, "ಹುಡುಗಿ ಸ್ಕ್ರೂ ಡ್ರೈವರ್ ಹಿಡ್ಕಂಡ್ ಕೂಕಂತ್ ಅಂಬ್ರ್" ಎಂದು ಯಾರ ಹತ್ತಿರವೋ ಹೇಳಿದ್ದು ಸುತ್ತಿ ಬಳಸಿ ಅಮ್ಮನ ಕಿವಿಗೆ ಬಿದ್ದಿತ್ತು. ಅಂದಿನಿಂದ ಅಮ್ಮನಿಗೆ ನಿದ್ದೆ ಸರಿಯಿಲ್ಲ. ಈ ಸಲ ಹೀಗಾಗಬಾರದು ಎಂದು ಅವಳೂ ದೊಡ್ಡಮ್ಮನೂ ಅಡುಗೆಮನೆಯಲ್ಲಿ ಕೂತು ಮಾತಾಡಿಕೊಂಡರು. ಆಗೆಲ್ಲ ಹೆಣ್ಣು ಕಾಣಲು ಬಂದವರಿಗೆ ಹುಡುಗಿಯ ಕೈಕೆಲಸ ಕಾಣುವ ಹಾಗೆ ಗೋಡೆಗೆ ತೂಗುಹಾಕುವುದಿತ್ತು. ನನ್ನ ಕೈಕೆಲಸವೆಂದು ತೂಗುಹಾಕಲು ಏನಿದೆ? ದೊಡ್ಡಮ್ಮ ತಮ್ಮ ಮಗಳು ಉಲ್ಲನ್ನಿನಲ್ಲಿ ಮಾಡಿದ ಎರಡು ಗಿಳಿಗಳ ಚೌಕಟ್ಟನ್ನು ಗುಲ್ವಾಡಿಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದು ನಮ್ಮ ಗೋಡೆಗೆ ಹಾಕಿಯೇಬಿಟ್ಟರು.

"ಸಾವ್ರ ಸುಳ್ಳ್ ಹೇಳಿ ಒಂದ್ ಮದಿ ಮಾಡ್ ಅಂದಿರ್ ಹಿರಿಯರ್. ಇದ್ ಒಂದೇ ಸುಳ್ಳ್" ಎಂದರು ಅವರು.

"ಆ ಡಬ್ಬಿ?" ಎಂದು ನಾನು ಕೇಳಿದೆ.

ಅಮ್ಮ ನನ್ನ ಮುಖ ನೋಡದೆ ಹೇಳಿದಳು. "ಯಾರಾರೂ ಕೇಂಡ್ರೆ ಸುರೇಶ ಮಾಡಿದ್ದ್ ಅಂಬ. ನೀನ್ ಬಾಯಿ ತೆರಿಬೇಡ."

ನಾನು ಜಗಳ ಮಾಡಲಿಲ್ಲ. ಡಬ್ಬಿ ಅಲ್ಲೇ ಇರುತ್ತದಲ್ಲ, ಹೆಸರು ಯಾರದಾದರೇನು ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೂ ಆ ಸಂಬಂಧ ಬೇಕೆನಿಸಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನ ಒಳಗೆ ಹೇಗಿರುತ್ತದೆ ಎಂದು ನೋಡುವ ಆಸೆ ನನಗೆ ಕಾಲೇಜಿನಿಂದಲೂ ಇತ್ತು.

ಅವರು ಬಂದ ಮಧ್ಯಾಹ್ನ ಮಳೆ ಬಿಟ್ಟು ಬಿಟ್ಟು ಹೊಯ್ಯುತ್ತಿತ್ತು. ಗೋಳಿಬಜೆ, ಶೀರ, ಚಾ. ದಿವಾಕರನ ತಾಯಿ ಅಗಲ ಹಣೆಯ, ಕಡಿಮೆ ಮಾತಿನ ಹೆಂಗಸು. ಗಿಳಿಗಳನ್ನು ಒಮ್ಮೆ ನೋಡಿ "ಚಂದ ಇತ್ತ್" ಎಂದು ಸುಮ್ಮನಾದರು. ಅಪ್ಪಯ್ಯನ ತಾಳಮದ್ದಲೆ ಸಣ್ಣಗೆ ಹಾಡುತ್ತಿತ್ತು. ಅಣ್ಣನಿಗೆ ನೆಂಟರೆದುರು ಐದು ಸ್ಪೀಕರಿನ ಗುಡುಗು ಕೇಳಿಸುವ ಉಮೇದು. ಎದ್ದುಹೋಗಿ ಗುಂಡಿ ಒತ್ತಿದ. ಟಕ್.

ದಿವಾಕರ ಚಾದ ಲೋಟ ಕೆಳಗಿಟ್ಟ. "ಹ್ವಾಯ್, ಅದ್ ರಿಲೇ ಅಲ್ದಾ?" ಎಂದ. ಅವನು ಬಂದಾಗಿನಿಂದ ಅಷ್ಟು ಜೀವ ತುಂಬಿ ಆಡಿದ ಮೊದಲ ಮಾತು ಅದು. "ಈ ಡಬ್ಬಿ ಯಾರ್ ಮಾಡಿದ್ದ್?"

"ನಮ್ ಸುರೇಶ" ಎಂದಳು ಅಮ್ಮ, ಅವನ ಪ್ರಶ್ನೆ ನೆಲಕ್ಕೆ ಬೀಳುವ ಮೊದಲೇ.

"ಭಾರಿ ಲಾಯ್ಕ್ ಆಯ್ತ್ ಮಾರಾಯ್ರೆ! ರಿಲೇ ಎಷ್ಟ್ ವೋಲ್ಟಿಂದ್ ಹಾಕಿದ್ರಿ? ಗ್ರೌಂಡ್ ವೈರೂ ಕಟ್ ಆಪ್ ಹಾಂಗ್ ಮಾಡಿದ್ರ್ಯಾ?"

ಅಣ್ಣ ಇಂಗು ತಿಂದ ಮಂಗನಂತೆ ನಿಂತ. "ಅದ್... ಕರೆಂಟಿಂದೇ ಹಾಕಿದ್" ಎಂದ. ಯಾರೂ ನಗಲಿಲ್ಲ. ಅವನು ಅಮ್ಮನ ಕಡೆ ನೋಡಿದ, ನನ್ನ ಕಡೆ ನೋಡಿದ. ಆಮೇಲೆ ಹೆಗಲ ಮೇಲಿಂದ ಕಾಯಿ ಮೂಟೆ ಇಳಿಸಿದವನ ಹಾಗೆ ಉಸಿರು ಬಿಟ್ಟು ಹೇಳಿದ. "ಸುಳ್ಳ್ ಎಂತಕ್ಕೆ? ನಂಗೆ ಬಲ್ಬ್ ಹಾಕುಕೂ ಬತ್ತಿಲ್ಲೆ. ಅದ್ ಪೂರಾ ಶೈಲ ಮಾಡಿದ್ದ್. ನಮ್ ತಂಗಿ."

ಚಾವಡಿಯಲ್ಲಿ ಎಲ್ಲರೂ ನನ್ನತ್ತ ತಿರುಗಿದರು. ದಿವಾಕರನ ತಾಯಿ ಹುಬ್ಬೇರಿಸಿ, "ಹೆಣ್ಮಕ್ಳ್ ಮಾಡಿದ್ದಾ ಇದ್?" ಎಂದರು.

ಆ ಪ್ರಶ್ನೆ ನನಗೆ ಹೇಗೆ ಕೇಳಿಸಿತೋ. ಸ್ಕ್ರೂ ಡ್ರೈವರಿನ ಮಾತು ನೆನಪಾಯಿತು. ಬಾಗಿಲ ಬಳಿ ಅಮ್ಮನ ಮುಖದಲ್ಲಿ ರಕ್ತವಿರಲಿಲ್ಲ. ನಾನು ಬಾಯಿ ತೆರೆದೆ. "ಇಲ್ಲೆ. ಅಣ್ಣ ತಮಾಷಿ ಮಾಡುದ್. ಅವ್ನೇ ಮಾಡಿದ್ದ್. ನಂಗೆ ಅದೆಲ್ಲ ಗೊತ್ತಾತಿಲ್ಲೆ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಯಾರೂ ಮುಂದೆ ಕೇಳಿರಲಿಲ್ಲ. ಆದರೂ ನಾನು ಕೈ ಎತ್ತಿ ಗೋಡೆ ತೋರಿಸಿ ಹೇಳಿದೆ. "ನಾನ್ ಮಾಡಿದ್ದ್ ಆ ಗಿಳಿ."

ಅಣ್ಣ ತಲೆ ತಗ್ಗಿಸಿದ. ದೊಡ್ಡಮ್ಮ ಜೋರಾಗಿ ನಕ್ಕು, "ಸುರೇಶಂಗೆ ತಂಗಿ ಅಂದ್ರೆ ಅಷ್ಟ್ ಪ್ರೀತಿ, ತನ್ ಕೆಲ್ಸವೂ ಅವ್ಳದ್ದೇ ಅಂತ" ಎಂದು ಮಾತು ಹೊಲಿದರು. ಉಳಿದವರೂ ನಕ್ಕರು. ನಡುವೆ ದಿವಾಕರ ಎದ್ದುಹೋಗಿ ಡಬ್ಬಿಯನ್ನು ವೈರುಗಳ ಸಮೇತ ಮೆಲ್ಲಗೆ ಎತ್ತಿ ಹಿಂದುಮುಂದು ನೋಡಿದ. ಆಮೇಲೆ ತಲೆಕೆಳಗು ಮಾಡಿದ.

ನಮ್ಮ ಕಡೆ ಪಾತ್ರೆಗೆ ಹೆಸರು ಹೊಡೆಸದೆ ಮನೆಗೆ ತರುವುದಿಲ್ಲ. ಮದುವೆ, ತಿಥಿ-ಬೊಜ್ಜ, ಪೂಜೆ ಎಂದು ಪಾತ್ರೆಗಳು ಊರೆಲ್ಲ ಸುತ್ತುವಾಗ ಅವು ತಿರುಗಿ ಮನೆ ಸೇರಬೇಕಲ್ಲ. ನಾನು ಒಂದನೇ ಕ್ಲಾಸಿಗೆ ಸೇರುವಾಗ ಅಪ್ಪಯ್ಯ ಪಾತ್ರೆ ಅಂಗಡಿಯಲ್ಲಿ ನಿಂತು ಆ ಡಬ್ಬಿಯ ಅಡಿಗೆ ಹೊಡೆಸಿದ್ದರು, ಚುಕ್ಕೆ ಚುಕ್ಕೆ ಅಕ್ಷರದಲ್ಲಿ: ಶೈಲಜ, ಕೋಟ. ತೂತು ಕೊರೆಯುವಾಗ, ಸ್ಕ್ರೂ ಬಿಗಿಯುವಾಗ ಎಷ್ಟು ಸಲ ಆ ಅಕ್ಷರಗಳ ಮೇಲೆ ಕೈಯಾಡಿತ್ತೋ. ಆ ಮಧ್ಯಾಹ್ನ ನೆನಪಿಗೇ ಬಂದಿರಲಿಲ್ಲ.

ಅವನು ಓದಿದ. ಮೊದಲಿನಷ್ಟೇ ಮೆಲ್ಲಗೆ ಕೆಳಗಿಟ್ಟ, ವೈರು ಎಳೆಯದ ಹಾಗೆ. ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ಕಾಯುತ್ತಿದ್ದ ಎಂದು ಈಗ ಅನಿಸುತ್ತದೆ. ನಾನು ಗೋಳಿಬಜೆಯ ತಟ್ಟೆ ಹಿಡಿದುಕೊಂಡು ಒಳಗೆ ಹೋದೆ.

ಹೊರಡುವಾಗ ಜಗಲಿಯಲ್ಲಿ ಚಪ್ಪಲಿ ಮೆಟ್ಟುತ್ತ ಅವನು ನನಗೆ ಕೇಳುವಷ್ಟೇ ಸಣ್ಣ ದನಿಯಲ್ಲಿ ಹೇಳಿದ. "ಒಳ್ಳೆ ಕೆಲ್ಸ. ನಿಮ್ಮಣ್ಣಂಗೆ ಹೇಳಿ."

ಆ ಸಂಜೆ ಅಣ್ಣ ಊಟಕ್ಕೆ ಕೂತು ಅನ್ನ ಕಲಸಿದ, ತಿನ್ನಲಿಲ್ಲ. ನನಗೆ ಬೈದಿದ್ದರೆ ಸಮಾಧಾನವಾಗುತ್ತಿತ್ತು. ಕೈ ತೊಳೆದು ಬಂದು, "ಎಲ್ಲರೆದ್ರಿಗೂ ನನ್ನನ್ನೇ ಸುಳ್ಳ ಮಾಡ್ದೆ ಕಾಣ್" ಎಂದಷ್ಟೇ ಹೇಳಿದ. ಅವನು ನನ್ನ ಕೆಲಸವನ್ನು ನನಗೆ ತಿರುಗಿ ಕೊಡಲು ನಿಂತಿದ್ದ. ಅದಕ್ಕಾಗಿ ತನಗೆ ಬಲ್ಬು ಹಾಕಲೂ ಬಾರದು ಎಂದು ನೆಂಟರೆದುರು ಹೇಳಿಕೊಂಡಿದ್ದ. ನಾನು ಅದನ್ನು ಅವನ ಮುಖದ ಮೇಲೇ ಎಸೆದಿದ್ದೆ. ಅಮ್ಮ ಹೇಳಿಕೊಟ್ಟ ಸುಳ್ಳು ಅಮ್ಮನದು ಎನ್ನಬಹುದು. ಗಿಳಿ ತೋರಿಸಿದ ಕೈ ನನ್ನದೇ.

ಬೈಂದೂರಿನಿಂದ ಒಪ್ಪಿಗೆ ಬಂತು. ದೊಡ್ಡಮ್ಮ ಗುಲ್ವಾಡಿಯಿಂದ ಫೋನು ಮಾಡಿ ಕುಣಿದರು. ಹುಡುಗ ಒಮ್ಮೆ ಹುಡುಗಿಯ ಹತ್ತಿರ ಫೋನಿನಲ್ಲಿ ಮಾತಾಡಬೇಕಂತೆ, ಅಷ್ಟೇ ಅಂತೆ. ಅಮ್ಮ ದೇವರಿಗೆ ದೀಪ ಹಚ್ಚಿದಳು. ನಾನು ಒಲ್ಲೆ ಎಂದೆ. ಯಾಕೆ ಎಂದರೆ ಬೈಂದೂರು ದೂರವಾಯಿತು ಎಂದೆ. ಕೋಟದ ಬಸ್‌ಸ್ಟಾಂಡಿನಲ್ಲಿ ನಿಂತರೆ ಬೈಂದೂರಿನ ಬಸ್ಸು ಬೇಡವೆಂದರೂ ಬರುತ್ತದೆ. ಅಮ್ಮ ಅತ್ತಳು, ದೊಡ್ಡಮ್ಮ ಗಿಳಿಗಳನ್ನು ಗೋಡೆಯಿಂದ ಇಳಿಸಿಕೊಂಡು ಹೋದರು. ಫೋನಿನಲ್ಲಿ ಅವನು ಏನು ಕೇಳುತ್ತಾನೆಂದು ನನಗೆ ಗೊತ್ತಿತ್ತು. ಮತ್ತೊಂದು ಸುಳ್ಳು ಹೇಳಬೇಕು, ಇಲ್ಲವೇ ಮೊದಲಿನದು ಸುಳ್ಳೆಂದು ಒಪ್ಪಬೇಕು. ಎರಡಕ್ಕೂ ನನ್ನಲ್ಲಿ ಮುಖವಿರಲಿಲ್ಲ. ನನ್ನ ಹೆಸರನ್ನು ಓದಿದ ಮನುಷ್ಯನೆದುರು ದಿನಾ ಕೂತು ಉಣ್ಣುವುದು ಹೇಗೆ?

ಕೆಲವು ವರ್ಷಗಳ ಮೇಲೆ, ನನ್ನ ಮದುವೆಯೂ ಆಗಿ ಎಲ್ಲ ತಣ್ಣಗಾದ ಮೇಲೆ, ದೊಡ್ಡಮ್ಮ ಯಾವುದೋ ಮಾತಿಗೆ ಹೇಳಿದರು. ದಿವಾಕರನ ತಾಯಿ ಗಂಡ ಹೋದ ಮೇಲೆ ಹಿಟ್ಟಿನ ಮಿಲ್ಲು ನಡೆಸಿಯೇ ಮಗನನ್ನು ಓದಿಸಿದವರಂತೆ. ಬೆಲ್ಟು ಕಿತ್ತರೆ, ಮೋಟಾರು ನಿಂತರೆ ಕಚ್ಚೆ ಬಿಗಿದು ತಾವೇ ಕೂರುತ್ತಿದ್ದರಂತೆ. "ಹೆಣ್ಮಕ್ಳ್ ಮಾಡಿದ್ದಾ ಇದ್?" ಎಂದು ಅವರು ಕೇಳಿದ್ದು ಸಂತೋಷಕ್ಕೆ. ಅಂದು ನಾನು ಅಡುಗೆಮನೆಯ ಹಿಂದಿನ ಬಾವಿಕಟ್ಟೆಗೆ ಹೋಗಿ ಸುಮ್ಮನೆ ಎರಡು ಕೊಡ ನೀರು ಸೇದಿ ಚೆಲ್ಲಿದೆ.

ಆ ಮಳೆಗಾಲದ ನಂತರ ಅಣ್ಣನಿಗೆ ಒಂದು ರೂಢಿ ಹತ್ತಿತು. ಮನೆಗೆ ಯಾರೇ ಬರಲಿ, ಕಾಯಿ ವ್ಯಾಪಾರಿ, ಅರ್ಚಕರು, ಸೊಸೈಟಿಯವರು, ಕೇಳದಿದ್ದರೂ ಡಬ್ಬಿ ತೋರಿಸಿ "ಇದ್ ನಮ್ ಶೈಲ ಮಾಡಿದ್ದ್" ಎನ್ನುವುದು. ನಾನಿದ್ದರೆ ನಾನು ಒಳಗೆ ಹೋಗುವುದು. ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಅಪ್ಪಯ್ಯ ತೀರಿಕೊಂಡರು, ಅಮ್ಮನೂ ಹೋದಳು. ಸಿ.ಡಿ. ಪ್ಲೇಯರು ಕೆಟ್ಟಿತು, ಕಂಪ್ಯೂಟರು ಗುಜರಿಗೆ ಹೋಯಿತು. ಉಪ್ಪುಗಾಳಿಗೆ ಸ್ಕ್ರೂಗಳು ತುಕ್ಕು ಹಿಡಿದರೂ ಡಬ್ಬಿ ಮಾತ್ರ ಟಕ್ ಎನ್ನುತ್ತಲೇ ಇತ್ತು.

ಹೋದ ವರ್ಷ ಆ ರಾಳದ ಹೊಗೆಯ ಹಿಂದೆ ಒಳಗೆ ಹೋದಾಗ ಟೀವಿಯ ಹುಡುಗ ಆಂಪ್ಲಿಫೈಯರಿನ ಹಿಂದೆ ಬಗ್ಗಿದ್ದ. ಡಬ್ಬಿಯನ್ನು ಎಳೆದು ತೆಗೆದು ಧೂಳು ಒರೆಸಿ, "ಇದೆಂತ? ಯಾರ್ ಮಾಡಿದ್ದ್?" ಎಂದು ಕೇಳಿದ.

ಅಣ್ಣ ಕುರ್ಚಿಯಲ್ಲಿ ಕೂತಿದ್ದ. ಈಗ ಹೇಳುತ್ತಾನೆ ಎಂದು ನಾನು ಅಭ್ಯಾಸದಂತೆ ಒಳಗೆ ಹೊರಟೆ. ಅವನು ಹೇಳಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದ. ಹುಡುಗ ಅವನನ್ನು ನೋಡಿದ, ಆಮೇಲೆ ನನ್ನನ್ನು.

"ನಾನ್" ಎಂದೆ. "ನಾನ್ ಮಾಡಿದ್ದ್."

"ಹೌದಾ ಅಕ್ಕಾ?" ಎಂದ ಹುಡುಗ. ಮುಚ್ಚಳ ತೆರೆದು ಒಳಗೆ ನೋಡಿ, "ಲಾಯ್ಕ್ ಮಾಡಿದ್ರಿ. ಈಗ ಇದ್ ಬೇಡ, ಟೀವಿಯೊಳ್ಗೇ ಎಲ್ಲ ಇತ್ತ್" ಎಂದು ವೈರುಗಳನ್ನು ಕಿತ್ತು ಪಕ್ಕಕ್ಕಿಟ್ಟು ತನ್ನ ಕೆಲಸಕ್ಕೆ ತಿರುಗಿದ. ಅಷ್ಟೇ. ಮಾಡು ಮುರಿದು ಬೀಳಲಿಲ್ಲ. ಯಾರ ಮುಖವೂ ಬಿಳಿಚಲಿಲ್ಲ. ಇಷ್ಟು ಸಣ್ಣ ಮಾತಿಗೆ ನಾನು ಅಣ್ಣನನ್ನು ಸುಳ್ಳ ಮಾಡಿದೆನಲ್ಲ, ಅಮ್ಮನನ್ನು ಅಳಿಸಿದೆನಲ್ಲ ಎಂದು ನನಗಾದ ನಾಚಿಕೆ ಅಂದಿನದಕ್ಕಿಂತ ದೊಡ್ಡದಿತ್ತು.

ಸಂಜೆ ಬ್ರಹ್ಮಾವರಕ್ಕೆ ಹೊರಟಾಗ ಅಣ್ಣ ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ ತಂದ. "ತಕೋ. ನಿನ್ ಹೆಸ್ರಿನ್ ಪಾತ್ರೆ, ನಿನ್ ಮನೆಗೆ ಹೋಯ್ಕ್."

ಡಬ್ಬಿಯನ್ನು ಕೈಗೆ ತೆಗೆದುಕೊಂಡೆ. ಏನಾದರೂ ಹೇಳಬೇಕಲ್ಲ ಎಂದು, "ಪಾತ್ರೆ ಖಾಲಿ ಕೊಡ್ಬಾರ್ದ್ ಅಲ್ದಾ ಅಣ್ಣ? ಒಂದ್ ಮುಷ್ಟಿ ಸಕ್ರಿಯಾರೂ ಹಾಕ್" ಎಂದೆ.

"ಖಾಲಿ ಎಲ್ಲಿತ್ತ್?" ಎಂದ ಅಣ್ಣ. "ನೀನ್ ಮಾಡಿದ್ದೇ ತುಂಬಿತ್ತಲ್ಲೆ."